ಎಂಟು ಇಂಚಿನ ಫ್ಯಾನ್: ಕುಂಬಳೆ ಕಡಪ್ಪುರದಿಂದ ನನ್ನ ಅನುಭವ

ದೋಣಿಯ ಎಂಜಿನ್‌ಗೆ ಒಂಬತ್ತು ಮುಕ್ಕಾಲು ಇಂಚು ಪಿಚ್‌ನ ಫ್ಯಾನ್ (ಪ್ರೊಪೆಲ್ಲರ್) ತೆಗೆದು ಎಂಟು ಇಂಚು ಪಿಚ್‌ನದನ್ನು ಹಾಕುತ್ತೇನೆ ಎಂದಾಗ ಕಡಪ್ಪುರದ ಮೀನುಗಾರರಲ್ಲಿ ಒಬ್ಬರೂ ಒಪ್ಪಲಿಲ್ಲ. ಪಿಚ್ ಎಂದರೆ ಫ್ಯಾನ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ. "ತಮ್ಮಾ, ಎಂಜಿನ್ ಬರಿದೇ ಕೂಗುತ್ತದೆ, ದೋಣಿ ನಿಂತಲ್ಲೇ ಇರುತ್ತದೆ" ಎಂದರು ದೋಣಿ ನಡೆಸುವ ಹಿರಿಯ ತಂಡೇಲರು. ಮಳೆಗಾಲ ಕಳೆದು ಬಂಗುಡೆಯ ಕಾಲವೂ ಮುಗಿಯಿತು. ಅದೇ ಫ್ಯಾನ್ ಓಡುತ್ತಿದೆ. ಈಗ ಅವರೇ ಅಳತೆ ಕೇಳುತ್ತಿದ್ದಾರೆ.

ನನ್ನದು 9.9 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್), ಫೈಬರ್ ದೋಣಿ. ನಾಲ್ಕು ಜನ, ಒದ್ದೆ ಬಲೆ, ಮಂಜುಗಡ್ಡೆಯ ಪೆಟ್ಟಿಗೆ ಸೇರಿದರೆ ಭಾರ ಎಷ್ಟೆಂದು ನಿಮಗೆ ಗೊತ್ತೇ ಇದೆ. ಎಂಜಿನ್‌ನೊಂದಿಗೆ ಬಂದ ಫ್ಯಾನ್ ಹಗುರ ದೋಣಿಗೆ ಸರಿ. ನಮ್ಮ ಭಾರಕ್ಕೆ ಎಕ್ಸಲರೇಟರ್ ಪೂರ್ತಿ ತಿರುಗಿಸಿದರೂ ಎಂಜಿನ್ ತಿಣುಕುತ್ತಿತ್ತು, ಸ್ಪಾರ್ಕ್ ಪ್ಲಗ್ ಪದೇ ಪದೇ ಕಪ್ಪಾಗುತ್ತಿತ್ತು. ಒಬ್ಬ ಮೆಕ್ಯಾನಿಕ್ ಕಾರ್ಬೊರೇಟರ್ ಎಂದ, ಇನ್ನೊಬ್ಬ ಕಾಯಿಲ್ ಎಂದ, ಮತ್ತೊಬ್ಬ ರಿಂಗ್ ಬದಲಾಯಿಸಿದ. ಒಂಬತ್ತು ಸಾವಿರದಷ್ಟು ರೂಪಾಯಿ ಹೋಯಿತು. ಫ್ಯಾನ್ ಕಡೆಗೆ ಒಬ್ಬನೂ ತಿರುಗಿ ನೋಡಲಿಲ್ಲ.

ಕೊನೆಗೆ ಪ್ಲಗ್ ವಯರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವುದು) ತರಿಸಿದೆ. ಸಾವಿರ ಚಿಲ್ಲರೆ ಬಿತ್ತು. ಈ ಕೆಲಸದಲ್ಲಿ ನಾನು ಹಾಕಿದ ಅತ್ಯುತ್ತಮ ದುಡ್ಡು ಅದು. ತುಂಬಿದ ದೋಣಿಯಲ್ಲಿ 4200ರ ಮೇಲೆ ಅಂಕಿ ಏರಲೇ ಇಲ್ಲ. ನನ್ನ ಎಂಜಿನ್‌ನ ಪುಸ್ತಕದಲ್ಲಿರುವುದು 4500ರಿಂದ 5500. ಪಿಚ್ ಇಳಿಸಿದರೆ ಎಂಜಿನ್ ಹಗುರಾಗಿ ತಿರುಗುತ್ತದೆ ಎಂದು ಆಗಲೇ ನಿರ್ಧರಿಸಿದೆ. ಎಂಟರ ಪಿಚ್ ಹಾಕಿದ ಮೇಲೆ ಅದೇ ಭಾರಕ್ಕೆ 4700 ದಾಟಿತು, ಅಳಿವೆ ಬಾಗಿಲಿನ ತೆರೆಗೆ ದೋಣಿ ತಡವರಿಸದೆ ಎದ್ದು ನಿಂತಿತು. ಇಪ್ಪತ್ತು ಲೀಟರ್ ಸೀಮೆಎಣ್ಣೆ ಕುಡಿಯುತ್ತಿದ್ದ ದಾರಿಗೆ ಈಗ ಹದಿನೇಳು ಹದಿನೆಂಟು ಸಾಕು. ಖಾಲಿ ದೋಣಿಯಲ್ಲಿ ವೇಗ ಸ್ವಲ್ಪ ಕಡಿಮೆ, ನಿಜ. ಆಗ ಆರ್‌ಪಿಎಂ ಮಿತಿ ಮೀರದಂತೆ ಕೈ ಬಿಗಿಹಿಡಿಯಬೇಕು. ಆದರೆ ಖಾಲಿ ದೋಣಿ ಓಡಿಸಿ ಯಾರ ಹೊಟ್ಟೆ ತುಂಬುತ್ತದೆ?

ಫ್ಯಾನ್ ಕಳಚಿದಾಗಲೆಲ್ಲ ಅದರ ಮುಂದೆ ಶಾಫ್ಟಿನಲ್ಲಿ ಕೂರುವ ದಪ್ಪ ಬಳೆ, ಅಂದರೆ ಥ್ರಸ್ಟ್ ವಾಷರ್, ಹೊರಗೆ ತೆಗೆದು ಅದರ ಹಿಂದೆ ನೋಡಿ. ತಂಗೂಸು (ನೈಲಾನ್) ದಾರ ಅಲ್ಲಿಯೇ ಸುತ್ತಿಕೊಂಡು ಕುಳಿತಿರುತ್ತದೆ, ಹೊರಗಿನಿಂದ ಕಾಣಿಸುವುದಿಲ್ಲ. ಕೂದಲಿನಷ್ಟು ತೆಳ್ಳಗಿನ ಎಳೆ ಬಿಸಿಯಾಗಿ, ನೀರು ಒಳಹೋಗದಂತೆ ತಡೆಯುವ ರಬ್ಬರ್ ಸೀಲಿನ ತುಟಿಯನ್ನು ಕೊಯ್ಯುತ್ತದೆ, ಗೇರ್ ಬಾಕ್ಸ್‌ಗೆ ನೀರು ನುಗ್ಗುತ್ತದೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗೆ ಕಂಡರೆ ಅದೇ ಕಥೆ. ಇನ್ನೂರು ಮುನ್ನೂರರ ಸೀಲಿಗೆ ಹಿಂದೆಮುಂದೆ ನೋಡಿದರೆ ಗೇರ್ ಸೆಟ್ಟಿಗೆ ಐದಂಕಿಯ ಬಿಲ್ಲು. ಸ್ಪ್ಲೈನಿಗೆ, ಅಂದರೆ ಫ್ಯಾನ್ ಕೂರುವ ಶಾಫ್ಟಿನ ಹಲ್ಲುಗಳಿಗೆ, ನೀರು ತಡೆಯುವ ಗ್ರೀಸನ್ನೇ ಹಚ್ಚಿ. ಲಾರಿಯ ಗ್ರೀಸ್ ಉಪ್ಪುನೀರಿಗೆ ನಿಲ್ಲದೆ ಫ್ಯಾನ್ ಶಾಫ್ಟಿಗೆ ಕಚ್ಚಿಬಿಡುತ್ತದೆ. ಕಚ್ಚಿದ ಫ್ಯಾನನ್ನು ಸುತ್ತಿಗೆ ಹಾಕದೆ ಬಿಡಿಸುವ ಉಪಾಯ ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಫ್ಯಾನಿನ ನಟ್ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದು, ಅದೂ ಸ್ಟೇನ್‌ಲೆಸ್ ಸ್ಟೀಲಿನದು. ಇಪ್ಪತ್ತು ರೂಪಾಯಿ ಉಳಿಸಲು ತಂತಿ ಸುತ್ತಿದವರ ಫ್ಯಾನ್‌ಗಳು ನಮ್ಮ ಸಮುದ್ರದ ತಳದಲ್ಲಿ ಬೇಕಾದಷ್ಟಿವೆ.

ಫ್ಯಾನಿನ ನಡುವೆ ಶಾಫ್ಟಿನ ತಿರುಗುವಿಕೆಯನ್ನು ಎಸಳುಗಳಿಗೆ ದಾಟಿಸುವ ರಬ್ಬರ್ ಬುಷ್ ವಿಷಯ ಬೇರೆಯೇ ಇದೆ. ಅದು ಜಾರಿದರೆ ಎಂಜಿನ್ ತಿರುಗುತ್ತದೆ, ದೋಣಿ ಓಡುವುದಿಲ್ಲ. ಬುಷ್ ಜಾರುತ್ತಿದೆಯೋ ಇಲ್ಲವೋ ಎಂದು ಗಂಟೆಗಟ್ಟಲೆ ವಾದ ನಡೆಯುತ್ತದೆ. ನಾನು ಫ್ಯಾನಿನ ಹಿಂಬದಿಯಲ್ಲಿ, ಒಳಗಿನ ಲೋಹದ ಕೊಳವೆಯಿಂದ ರಬ್ಬರ್ ದಾಟಿ ಹೊರ ಅಂಚಿನವರೆಗೆ ಬಿಳಿ ಬಣ್ಣದಲ್ಲಿ ಒಂದೇ ಗೆರೆ ಎಳೆಯುತ್ತೇನೆ. ಕಡಲಿಗೆ ಹೋಗಿ ಬಂದ ಮೇಲೆ ಗೆರೆ ನೆಟ್ಟಗಿದ್ದರೆ ಬುಷ್ ಗಟ್ಟಿ. ತುಂಡಾಗಿ ಅತ್ತಿತ್ತ ಸರಿದಿದ್ದರೆ ಜಾರಿದೆ, ಮಾತು ಮುಗಿಯಿತು. ಮಂಗಳೂರಿನಲ್ಲಿ ಹೊಸ ಬುಷ್ ಒತ್ತಿಸಲು ಎಂಟುನೂರರಷ್ಟಾಯಿತು. ಹೊಸ ಫ್ಯಾನ್‌ಗೆ ಐದು ಸಾವಿರ ಕೊಡುವ ಬದಲು ಇದೇ ಮೇಲು.

ನಾಲ್ಕು ಎಸಳಿನ ಫ್ಯಾನನ್ನೂ ಹಾಕಿ ನೋಡಿದೆ. ನಡುಕ ಕಡಿಮೆ, ಹಿಡಿತ ಚೆನ್ನ, ಆದರೆ ಎಂಜಿನ್ ಮತ್ತೆ ತಿಣುಕತೊಡಗಿತು. ಅರ್ಧ ಬೆಲೆಗೆ ಮಾರಿದೆ. ಎಸಳು ಮುರಿದು ವೆಲ್ಡಿಂಗ್ ಮಾಡಿಸಿದ ಫ್ಯಾನ್ ಅಷ್ಟು ಸುಲಭಕ್ಕೆ ಸರಿಹೋಗಲಿಲ್ಲ. ಬೆಸುಗೆಯ ತೂಕದಿಂದ ಇಡೀ ದೋಣಿ ನಡುಗಿತು. ಫ್ಯಾನಿಗೆ ನೇರ ಸರಳು ತೂರಿಸಿ ಎರಡು ಚೂಪು ಅಂಚುಗಳ ಮೇಲೆ ಇಟ್ಟು ತಿರುಗಿಸಿದೆ. ಭಾರದ ಎಸಳು ಪ್ರತಿ ಸಲವೂ ಕೆಳಗೆ ಬಂದು ನಿಂತಿತು. ಅದನ್ನು ಅರದಿಂದ ಉಜ್ಜಿ ಉಜ್ಜಿ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವಂತೆ ಮಾಡಿದೆ. ಎಸಳಿನ ಯಾವ ಭಾಗ ಉಜ್ಜಬೇಕು ಎಂಬುದು ಕೈ ನುರಿತ ಮೇಲೆ ತಿಳಿಯುವ ವಿಷಯ. ನೀರನ್ನು ಮೊದಲು ಸೀಳುವ ಮುಂದಿನ ಅಂಚನ್ನು ಮಾತ್ರ ಮುಟ್ಟಬೇಡಿ.

ಎಂಜಿನ್‌ನ ಕಾಲಿನಲ್ಲಿ (ನೀರಿನಲ್ಲಿ ಮುಳುಗುವ ಕೆಳಭಾಗ), ತಾನು ಕರಗಿ ಉಳಿದ ಲೋಹವನ್ನು ಕಾಯುವ ಸತುವಿನ ತುಂಡಿಗೆ ಅಂದಕ್ಕೆಂದು ಬಣ್ಣ ಬಳಿಯುವವರಿದ್ದಾರೆ. ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ, ಉಪ್ಪುನೀರು ನೇರವಾಗಿ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಅರ್ಧ ಕರಗಿದರೆ ಬದಲಾಯಿಸಿ.

ಹಳೆಯ ಒಂಬತ್ತು ಮುಕ್ಕಾಲಿನ ಫ್ಯಾನನ್ನು ನಾನು ಮಾರಿಲ್ಲ. ಒಂದು ನಟ್, ಎರಡು ಪಿನ್, ಸ್ಪ್ಯಾನರ್, ಎಸಳಿಗೆ ಅಡ್ಡ ಕೊಡಲು ಒಂದು ಮರದ ತುಂಡಿನ ಜೊತೆಗೆ ಅದು ದೋಣಿಯ ಪೆಟ್ಟಿಗೆಯಲ್ಲೇ ಇರುತ್ತದೆ. ತಂಡೇಲರ ದೋಣಿಗೆ ಬರುವ ವಾರ ಎಂಟರದನ್ನು ಹಾಕುತ್ತಿದ್ದೇವೆ. ಅವರ ದೋಣಿ ನನ್ನದಕ್ಕಿಂತ ಭಾರ, ಮೊದಲು ಮೀಟರ್ ಕಟ್ಟಿ ನೋಡಬೇಕು.