ಅಪ್ಪನ ಜಿಪಿಎ, ತಮ್ಮನ ಗಾರ್ಡಿಯನ್‌ಶಿಪ್

ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಅಪ್ಪನಿಗೆ ಎಪ್ಪತ್ತು ದಾಟಿದ ಮೇಲೆ ಮನೆಯಲ್ಲಿ ಒಂದೇ ಮಾತು: ಮುಂದೆ ಅವನ ಕಾಗದಪತ್ರಕ್ಕೆ ಸಹಿ ಹಾಕುವವರು ಯಾರು? ನಿನ್ನ ಹೆಸರಿಗೆ ಅಪ್ಪನಿಂದ ಒಂದು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸಲು ಬರೆದುಕೊಡುವ ಅಧಿಕಾರಪತ್ರ) ಬರೆಸಿಕೊಂಡುಬಿಡು, ಸಾಕು ಅಂತ ನೆಂಟರೆಲ್ಲ ಹೇಳಿದರು.

ಸಾಕಾಗುವುದಿಲ್ಲ. ಅಪ್ಪ ಕೊಡುವ ಜಿಪಿಎ ಅಪ್ಪನ ಆಸ್ತಿಗೆ ಮಾತ್ರ. ಅದೂ ಅವರು ಇರುವವರೆಗೆ, ಅವರ ಬುದ್ಧಿ ಸ್ವಾಧೀನದಲ್ಲಿರುವವರೆಗೆ. 1872ರ ಕಾಂಟ್ರಾಕ್ಟ್ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಬರೆದುಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ. ಅಂದರೆ ನಮಗೆ ಅದು ಜಾಸ್ತಿ ಬೇಕಾಗುವ ಹೊತ್ತಿಗೇ ಇರುವುದಿಲ್ಲ! ಅಮೆರಿಕದಲ್ಲಿರುವ ಅಣ್ಣ ಇದನ್ನು ನಂಬಲೇ ಇಲ್ಲ, ಯಾಕಂದ್ರೆ ಅಲ್ಲಿ ಡ್ಯೂರಬಲ್ ಪವರ್ ಆಫ್ ಅಟಾರ್ನಿ ಅಂತ ಇದೆ, ಮರೆವಿನ ಕಾಯಿಲೆ ಬಂದರೂ ಅದು ನಡೆಯುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ.

ಹೋಗಲಿ, ತಮ್ಮನಿಂದಲೇ ಬರೆಸೋಣ ಅಂದರೆ, ಬರೆದುಕೊಡುವವರಿಗೆ ತಾವು ಏನು ಕೊಡುತ್ತಿದ್ದೇವೆ ಅಂತ ಗೊತ್ತಿರಬೇಕು ಅಲ್ವಾ? ಜಮೀನು, ಬ್ಯಾಂಕು ಅವನಿಗೆ ಅರ್ಥವಾಗುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಹೆತ್ತವರು ಕೂಡ ತಾವಾಗಿಯೇ ಗಾರ್ಡಿಯನ್ (ಕಾನೂನಿನ ಪ್ರಕಾರ ಅವನ ಪರವಾಗಿ ನಿರ್ಧರಿಸುವವರು) ಆಗಿ ಉಳಿಯುವುದಿಲ್ಲ.

ಇಂಥವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೋರ್ಟಿಗೆ ಹೋಗದೆ ಗಾರ್ಡಿಯನ್ ನೇಮಿಸಬಹುದು. ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕಬೇಕು. ಡಿಸಿ ಅದರ ಅಧ್ಯಕ್ಷರು, ಜೊತೆಗೆ ಒಂದು ಸಂಸ್ಥೆಯವರು, ಒಬ್ಬರು ಅಂಗವಿಕಲರು ಇರುತ್ತಾರೆ. ಅರ್ಜಿ ಹಾಕಿದ್ದು ಅಪ್ಪ ಅಮ್ಮ, ಗಾರ್ಡಿಯನ್ ಅಂತ ಬರೆದಿದ್ದು ನನ್ನ ಹೆಸರು. ಅವರಿಬ್ಬರೂ ಗಟ್ಟಿಯಾಗಿರುವಾಗಲೇ ಇದು ಆಗಲಿ ಅಂತ ನಾನೇ ಹಟ ಹಿಡಿದೆ.

ಅವತ್ತು ಕಮಿಟಿಯವರೊಬ್ಬರು ತಮ್ಮನನ್ನೇ ಕೇಳಿದರು, "ಯಾರ ಜೊತೆ ಇರೋದು ಇಷ್ಟನಪ್ಪಾ?" ಅವನು ಬೆರಳು ಮಡಚಿ ಎಣಿಸಿದ: "ಅಮ್ಮ. ಅಕ್ಕ." ಸುಮ್ನೆ ಕಾಗದ ನೋಡಿ ಸೀಲು ಒತ್ತದೆ ಅವನನ್ನೂ ಕೇಳಿದ್ದು ನನಗೆ ತುಂಬ ಹಿಡಿಸಿತು. ಇವನಿಗೆ ನಿಜವಾಗಿ ಗಾರ್ಡಿಯನ್ ಬೇಕಾ, ಯಾವ ಕೆಲಸಕ್ಕೆ ಬೇಕು ಅಂತ ನೋಡಬೇಕು ಎಂದು ಕಾಯ್ದೆಯಲ್ಲೇ ಇದೆ.

ಆರ್ಡರ್ ಕೈಗೆ ಬಂದಮೇಲೆ ನಿಜವಾದ ಕೆಲಸ ಶುರು. ಆರು ತಿಂಗಳೊಳಗೆ ಅವನ ಆಸ್ತಿ, ಹಣ, ಸಾಲದ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ವರ್ಷ ಮಾರ್ಚ್ ಮುಗಿದು ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಅವನ ಹೆಸರಲ್ಲಿ ಬೇರೆಯೇ ಖಾತೆ ಇಟ್ಟಿದ್ದೇನೆ. ಔಷಧಿ, ಬಟ್ಟೆ, ಹಲ್ಲಿನ ಡಾಕ್ಟರು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ, ಬಿಲ್ಲು ಅದೇ ಹಾಳೆಗೆ ಪಿನ್ ಮಾಡಿ.

ಅಪ್ಪನ ಜಿಪಿಎಯನ್ನೂ ಮಾಡಿಸಿದೆವು, ಊರಿನ ಸೈಟಿನ ಕಂದಾಯ, ಖಾತಾ ಕೆಲಸಕ್ಕಷ್ಟೇ. ಮಾರುವ ಅಧಿಕಾರ ಬರೆಸಲಿಲ್ಲ. ಅಪ್ಪ ಅಮ್ಮನ ಬ್ಯಾಂಕ್ ಖಾತೆಗಳನ್ನು 'ಇಬ್ಬರಲ್ಲಿ ಯಾರಾದರೂ' ಸಹಿ ಹಾಕುವ ಹಾಗೆ ಜಂಟಿ ಮಾಡಿದೆವು. ವಿಲ್ ರಿಜಿಸ್ಟರ್ ಆಯಿತು. ಅದರಲ್ಲಿ ತಮ್ಮನ ಪಾಲು ನೇರ ಅವನ ಕೈಗಲ್ಲ, ಅವನ ಹೆಸರಿನ ಟ್ರಸ್ಟಿಗೆ ಹೋಗುತ್ತದೆ.

ನನ್ನ ನಂತರ ಯಾರು ಅನ್ನುವುದು ಇನ್ನೂ ಬಾಕಿ. ಚಿಕ್ಕಪ್ಪನ ಮಗನನ್ನು ಕೇಳಿದ್ದೇನೆ. "ಮನೇಲಿ ಮಾತಾಡಿ ಹೇಳ್ತೀನಿ ಅಕ್ಕ" ಅಂದಿದ್ದಾನೆ.