ಮಗಳಿಗೆ ಕ್ಯಾಥೊಲಿಕ್ ಹುಡುಗಿಯರ ಹೈಸ್ಕೂಲು: ಅರ್ಜಿ ಮತ್ತು ಎಚ್‌ಎಸ್‌ಪಿಟಿ ಪ್ರವೇಶ ಪರೀಕ್ಷೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತಲಿನ ನಮ್ಮ ಕನ್ನಡದ ಮನೆಗಳಲ್ಲಿ ಮಗಳು ಏಳನೇ ಕ್ಲಾಸು ಮುಗಿಸುತ್ತಿದ್ದ ಹಾಗೆ ಈ ಮಾತು ಶುರುವಾಗುತ್ತದೆ. ಹೈಸ್ಕೂಲಿಗೆ ಹತ್ತಿರದ ಪಬ್ಲಿಕ್ (ಅಂದರೆ ಸರ್ಕಾರಿ) ಶಾಲೆ ಸಾಕಾ, ಇಲ್ಲಾ ಕ್ಯಾಥೊಲಿಕ್ ಹುಡುಗಿಯರ ಶಾಲೆಗೂ ಅರ್ಜಿ ಹಾಕೋಣವಾ? ನನ್ನ ಮಗಳು ಈ ದಾರಿ ದಾಟಿ ಈಗ ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಗೆಳತಿಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ನಮ್ಮ ಊರಿನಲ್ಲಿ ಹುಡುಗಿಯರಿಗೆ ಮಾತ್ರ ಇರುವ ಕ್ಯಾಥೊಲಿಕ್ ಹೈಸ್ಕೂಲು ಅಂದರೆ ಮೊದಲು ಬರುವ ಹೆಸರು ಎರಡು. ಡೌನ್‌ಟೌನಿನ ನೋಟ್ರ್ ಡೇಮ್, 1851ರಲ್ಲಿ ಸನ್ಯಾಸಿನಿಯರು ಶುರು ಮಾಡಿದ್ದು. ವಿಲ್ಲೋ ಗ್ಲೆನ್ ಕಡೆಯ ಪ್ರೆಸೆಂಟೇಶನ್, 1962ರದ್ದು. ಆರ್ಚ್‌ಬಿಷಪ್ ಮಿಟಿ, ಸೇಂಟ್ ಫ್ರಾನ್ಸಿಸ್ ಎರಡರಲ್ಲೂ ಹುಡುಗರು ಹುಡುಗಿಯರು ಒಟ್ಟಿಗೆ ಓದುತ್ತಾರೆ. ಬೆಲರ್ಮೈನ್ ಹುಡುಗರದ್ದು. ಹೆಚ್ಚಿನ ಮನೆಯವರು ಒಂದಕ್ಕಿಂತ ಜಾಸ್ತಿ ಶಾಲೆಗೆ ಅರ್ಜಿ ಹಾಕುತ್ತಾರೆ. ನೀವೂ ಹಾಗೇ ಮಾಡಿ.

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನಾವು ಕ್ರೈಸ್ತರಲ್ಲ, ಸೇರಿಸಿಕೊಳ್ಳುತ್ತಾರಾ? ಸೇರಿಸಿಕೊಳ್ಳುತ್ತಾರೆ. ಅರ್ಜಿಯಲ್ಲಿ ಧರ್ಮ ಯಾವುದು ಅಂತ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಆದರೆ ಸೇರಿದ ಮೇಲೆ ಧರ್ಮದ ಪಾಠ ಎಲ್ಲರಿಗೂ ಉಂಟು, ಅದಕ್ಕೆ ಅಂಕವೂ ಉಂಟು. ಶಾಲೆಯಲ್ಲಿ ಪೂಜೆ ನಡೆಯುವ ದಿನ ಎಲ್ಲ ಹುಡುಗಿಯರೂ ಕೂತಿರಬೇಕು. ಪ್ರಸಾದದ ರೊಟ್ಟಿ ಕ್ಯಾಥೊಲಿಕರಿಗೆ ಮಾತ್ರ, ಬೇರೆಯವರು ಕೂತಲ್ಲೇ ಕೂತಿರಬಹುದು. ಸಮಾಜಸೇವೆಯ ಗಂಟೆಗಳೂ ಇರುತ್ತವೆ. ಇದು ನಿಮ್ಮ ಮನೆಗೆ ಒಗ್ಗುತ್ತದೆಯೇ ಅಂತ ಅರ್ಜಿಗೆ ಮೊದಲೇ ಮಗಳ ಜೊತೆ ಕೂತು ಮಾತಾಡಿ. ನಮ್ಮ ಮನೆಯಲ್ಲಿ ಇದೇ ಎಲ್ಲಕ್ಕಿಂತ ಉದ್ದದ ಮಾತುಕತೆಯಾಯಿತು, ಮತ್ತು ಅದು ಒಳ್ಳೆಯದೇ ಆಯಿತು. ಯಾಕೆ ಅಂದರೆ ಅರ್ಜಿಯಲ್ಲಿ ಕೇಳುವುದೂ ಅದನ್ನೇ: ಈ ಶಾಲೆಯೇ ಯಾಕೆ?

ಕ್ಯಾಲೆಂಡರ್ ಹೀಗೆ. ಎಂಟನೇ ಕ್ಲಾಸಿನ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಓಪನ್ ಹೌಸ್‌ಗಳು, ಅಂದರೆ ಶಾಲೆ ನೋಡಲು ಮನೆಯವರನ್ನು ಕರೆಯುವ ದಿನಗಳು. ಅದೇ ಹೊತ್ತಿಗೆ ಶ್ಯಾಡೋ ಡೇ, ಅಂದರೆ ನಿಮ್ಮ ಮಗಳು ಅಲ್ಲಿನ ಒಬ್ಬ ಹುಡುಗಿಯ ಜೊತೆ ಒಂದು ದಿನವಿಡೀ ಕ್ಲಾಸುಗಳಿಗೆ ಹೋಗಿಬರುವುದು. ಇದರ ಜಾಗಗಳು ಬೇಗ ತುಂಬುತ್ತವೆ, ಬುಕಿಂಗ್ ತೆರೆದ ದಿನವೇ ಮಾಡಿ. ಚಳಿಗಾಲದ ರಜೆಯ ಆಸುಪಾಸಿನಲ್ಲಿ ಅರ್ಜಿಯ ಕೊನೆ ದಿನ. ಡಿಸೆಂಬರ್ ಅಥವಾ ಜನವರಿಯ ಒಂದು ಶನಿವಾರ ಬೆಳಗ್ಗೆ ಪರೀಕ್ಷೆ. ಮಾರ್ಚ್ ಮಧ್ಯದಲ್ಲಿ ಫಲಿತಾಂಶ. ತಾರೀಖುಗಳು ಪ್ರತಿ ವರ್ಷ ಬದಲಾಗುತ್ತವೆ. ಹೋದ ವರ್ಷದ ಪಟ್ಟಿ ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬೇಡಿ, ಶಾಲೆಯ ಪ್ರವೇಶ ಕಚೇರಿಯನ್ನೇ ಕೇಳಿ.

ಈಗ ಪರೀಕ್ಷೆ. ಹೆಸರು ಎಚ್‌ಎಸ್‌ಪಿಟಿ (ಹೈಸ್ಕೂಲ್ ಪ್ಲೇಸ್‌ಮೆಂಟ್ ಟೆಸ್ಟ್), ತಯಾರಿಸುವುದು ಸ್ಕೊಲಾಸ್ಟಿಕ್ ಟೆಸ್ಟಿಂಗ್ ಸರ್ವಿಸ್. ಒಟ್ಟು 298 ಪ್ರಶ್ನೆ, 141 ನಿಮಿಷ. ವರ್ಬಲ್‌ನಲ್ಲಿ 60 ಪ್ರಶ್ನೆಗೆ 16 ನಿಮಿಷ. ಕ್ವಾಂಟಿಟೇಟಿವ್‌ನಲ್ಲಿ 52ಕ್ಕೆ 30. ರೀಡಿಂಗ್ 62ಕ್ಕೆ 25. ಗಣಿತ 64ಕ್ಕೆ 45. ಲ್ಯಾಂಗ್ವೇಜ್ 60ಕ್ಕೆ 25.

ಆ ಮೊದಲ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಒಂದು ಪ್ರಶ್ನೆಗೆ 16 ಸೆಕೆಂಡು! ಈ ಪರೀಕ್ಷೆಯ ಗುಟ್ಟೆಲ್ಲ ಇಲ್ಲೇ ಇದೆ. ಪ್ರಶ್ನೆಗಳು ಅಷ್ಟೇನೂ ಕಷ್ಟವಲ್ಲ, ಸಮಯ ಕಡಿಮೆ. ನಮ್ಮ ಮಕ್ಕಳಿಗೆ ನಾವು ಕಲಿಸಿರುವುದು ಬೇರೆ: ಹಿಡಿದ ಲೆಕ್ಕ ಬಿಡಬೇಡ, ಉತ್ತರ ಬರುವ ತನಕ ಏಳಬೇಡ. ಒಳ್ಳೆಯ ಅಭ್ಯಾಸವೇ. ಆದರೆ ಆ ಶನಿವಾರ ಬೆಳಗ್ಗೆ ಅದೇ ಅಡ್ಡ ಬರುತ್ತದೆ. ಬಿಟ್ಟು ಮುಂದೆ ಹೋಗುವುದನ್ನು ಬೇಕೆಂದೇ ಅಭ್ಯಾಸ ಮಾಡಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಗೊತ್ತಿಲ್ಲದಿದ್ದರೂ ಒಂದನ್ನು ತುಂಬಿ ಮುಂದೆ ನಡಿ, ಉತ್ತರದ ಒಂದು ವೃತ್ತವೂ ಖಾಲಿ ಇರಬಾರದು. ಕಾಗದದ ಮೇಲೆ ಬರೆಯುವುದಾದರೆ ಖಾಲಿ ಬಿಡದೇ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ: ಒಂದು ಸಾಲು ಬಿಟ್ಟರೆ ಅಲ್ಲಿಂದಾಚೆ ಎಲ್ಲ ಉತ್ತರಗಳೂ ಒಂದೊಂದು ಸಾಲು ಜಾರಿಬಿಡಬಹುದು.

ವರ್ಬಲ್‌ನಲ್ಲಿ ಒಂದೇ ಅರ್ಥದ ಪದ, ವಿರುದ್ಧ ಪದ, ಗುಂಪಿಗೆ ಸೇರದ ಪದ, ತರ್ಕ ಎಲ್ಲ ಕಲಸಿ ಬರುತ್ತವೆ. ವಿರುದ್ಧ ಪದ ಕೇಳಿದಾಗ ಅದೇ ಅರ್ಥದ ಪದವೂ ಆಯ್ಕೆಗಳಲ್ಲಿ ಕೂತಿರುತ್ತದೆ, ಅವಸರದ ಕಣ್ಣು ಅದನ್ನೇ ಹಿಡಿಯುತ್ತದೆ. ತರ್ಕದ ಪ್ರಶ್ನೆ ಹೀಗಿರುತ್ತದೆ: ಉಮಾ ಲತಾಗಿಂತ ಎತ್ತರ. ಗೀತಾ ಲತಾಗಿಂತ ಎತ್ತರ. ಉಮಾ ಗೀತಾಗಿಂತ ಎತ್ತರ. ಮೊದಲೆರಡು ನಿಜವಾದರೆ ಮೂರನೆಯದು ನಿಜವಾ, ಸುಳ್ಳಾ, ಹೇಳಲಾಗದಾ? ಉತ್ತರ, ಹೇಳಲಾಗದು. ಚುರುಕಾದ ಮಕ್ಕಳಿಗೆ ‘ಹೇಳಲಾಗದು’ ಅನ್ನುವುದನ್ನು ಆರಿಸಲು ಧೈರ್ಯ ಬರುವುದಿಲ್ಲ. ಲ್ಯಾಂಗ್ವೇಜ್ ಭಾಗದಲ್ಲೂ ಇದೇ ಕತೆ. ಮೂರು ವಾಕ್ಯ ಕೊಟ್ಟು ತಪ್ಪು ಎಲ್ಲಿದೆ ಅಂತ ಕೇಳುತ್ತಾರೆ, ನಾಲ್ಕನೆಯ ಆಯ್ಕೆ ‘ತಪ್ಪಿಲ್ಲ’. ಇಲ್ಲದ ತಪ್ಪನ್ನು ಹುಡುಕುತ್ತಾ ಕೂತರೆ ಸಮಯ ಹೋಗುತ್ತದೆ.

ಕ್ವಾಂಟಿಟೇಟಿವ್ ಅಂದರೆ ಶಾಲೆಯ ಗಣಿತವಲ್ಲ, ಕಣ್ಣಳತೆಯ ಗಣಿತ. 4, 7, 13, 25, ಮುಂದೆ ಏನು? ಅಂತರ ಪ್ರತಿ ಸಲ ಎರಡು ಪಟ್ಟಾಗುತ್ತಿದೆ, ಆದ್ದರಿಂದ 49. ಇನ್ನೊಂದು ಬಗೆ ಹೋಲಿಕೆ: 50ರ ಶೇಕಡಾ 30, 60ರ ಶೇಕಡಾ 25, 30ರ ಅರ್ಧ, ಇವುಗಳಲ್ಲಿ ಯಾವುದು ದೊಡ್ಡದು? ಮೂರೂ 15. ಗಣಿತದ ಭಾಗಕ್ಕೆ ಸಾಮಾನ್ಯವಾಗಿ ಕ್ಯಾಲ್ಕುಲೇಟರ್ ಕೊಡುವುದಿಲ್ಲ. ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಕ್ಯಾಲ್ಕುಲೇಟರ್ ಒತ್ತಿ ಅಭ್ಯಾಸವಾದ ಮಕ್ಕಳಿಗೆ ಭಿನ್ನರಾಶಿ, ಶೇಕಡಾ, ದಶಮಾಂಶ ಕೈಯಲ್ಲಿ ಮಾಡುವ ರೂಢಿ ತಪ್ಪಿರುತ್ತದೆ. ನನ್ನ ಮಗಳಿಗೂ ಜಾಸ್ತಿ ಅಭ್ಯಾಸ ಬೇಕಾದದ್ದು ಇಲ್ಲೇ. ಮಗ್ಗಿ ಇದ್ದರೆ ಇದು ಎಷ್ಟು ಹಗುರ ಅಂತ ಅವಳೇ ಹೇಳಿದಳು, ನನಗೆ ಬಹಳ ಖುಷಿಯಾಯಿತು.

ರೀಡಿಂಗ್‌ನಲ್ಲಿ 40 ಪ್ರಶ್ನೆ ಓದಿ ಉತ್ತರಿಸುವಂಥದ್ದು, ಕೊನೆಯ 22 ಪದಗಳ ಅರ್ಥ. ಪದದ ಪ್ರಶ್ನೆ ಬೇಗ ಮುಗಿಯುತ್ತದೆ, ಆದರೆ ಕೊನೆಯಲ್ಲಿರುವುದರಿಂದ ಹಲವರು ಅಲ್ಲಿಗೆ ತಲುಪುವುದೇ ಇಲ್ಲ. ಅದನ್ನು ಮೊದಲು ಮುಗಿಸಿ ಆಮೇಲೆ ಓದಿಗೆ ಬರುವುದು ಒಂದು ದಾರಿ. ಮನೆಯಲ್ಲಿ ಎರಡೂ ರೀತಿ ಮಾಡಿ ನೋಡಿ.

ತಯಾರಿಗೆ ದುಬಾರಿ ಕೋಚಿಂಗ್ ಬೇಕೇ ಬೇಕು ಅಂತ ನನಗನ್ನಿಸುವುದಿಲ್ಲ. ಅಭ್ಯಾಸದ ಪುಸ್ತಕ ಲೈಬ್ರರಿಯಲ್ಲೂ ಸಿಗುತ್ತದೆ. ಆಗಸ್ಟ್‌ನಿಂದ ದಿನಕ್ಕೆ ಅರ್ಧ ಗಂಟೆ, ಒಂದು ದಿನಕ್ಕೆ ಒಂದೇ ಭಾಗ, ಮುಂದೆ ಗಡಿಯಾರ. ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆ ಶನಿವಾರ ಬೆಳಗ್ಗೆ ಪೂರ್ತಿ ಪರೀಕ್ಷೆ, ನಿಜವಾದ ಹೊತ್ತಿಗೇ ಎಬ್ಬಿಸಿ. ತಪ್ಪಾದ ಪ್ರಶ್ನೆಗಳನ್ನು ಎರಡು ಗುಂಪು ಮಾಡಿಸಿ: ಗೊತ್ತಿಲ್ಲದೆ ತಪ್ಪಾದದ್ದು, ಅವಸರದಲ್ಲಿ ತಪ್ಪಾದದ್ದು. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಬೇರೆ ಅಭ್ಯಾಸ.

ಎರಡು ಸಲ ಬರೆದು ಒಳ್ಳೆಯ ಅಂಕ ಕೊಟ್ಟರಾಯಿತು ಅಂದುಕೊಳ್ಳಬೇಡಿ. ಹಲವು ಶಾಲೆಗಳು ಮೊದಲ ಅಂಕವನ್ನೋ, ಕಡಿಮೆ ಅಂಕವನ್ನೋ ತೆಗೆದುಕೊಳ್ಳುತ್ತವೆ. ಒಂದೇ ಕಡೆ ಬರೆದು, ಅಲ್ಲಿಂದ ಉಳಿದ ಶಾಲೆಗಳಿಗೆ ಅಂಕ ಕಳಿಸುವ ವ್ಯವಸ್ಥೆ ಇದೆ. ಮಗಳಿಗೆ ಶಾಲೆಯಲ್ಲಿ ಐಇಪಿ ಅಥವಾ 504 ಪ್ಲಾನ್ (ಕಲಿಕೆಗೆ ವಿಶೇಷ ನೆರವು ಬೇಕಾದ ಮಕ್ಕಳಿಗೆ ಶಾಲೆ ಮಾಡಿಕೊಡುವ ಯೋಜನೆ) ಇದ್ದರೆ ಹೆಚ್ಚಿನ ಸಮಯಕ್ಕೆ ಕೇಳಬಹುದು. ದಾಖಲೆ ಕೊಟ್ಟು ವಾರಗಳ ಮೊದಲೇ ಕೇಳಬೇಕು, ಮತ್ತು ಯಾವ ಸಂಕೋಚವೂ ಬೇಡ.

ಪರೀಕ್ಷೆಯಷ್ಟೇ ತೂಕ ಉಳಿದದ್ದಕ್ಕೂ ಇದೆ. ಏಳನೇ ಕ್ಲಾಸಿನ ಮತ್ತು ಎಂಟನೆಯದರ ಮೊದಲ ಭಾಗದ ಗ್ರೇಡುಗಳು, ಇಂಗ್ಲಿಷ್ ಮತ್ತು ಗಣಿತದ ಟೀಚರುಗಳ ಶಿಫಾರಸು, ಮಗಳ ಬರಹ. ಟೀಚರುಗಳನ್ನು ಮಗಳೇ ಹೋಗಿ ಕೇಳಲಿ, ಅಕ್ಟೋಬರ್‌ನಲ್ಲೇ. ಪಬ್ಲಿಕ್ ಶಾಲೆಯ ಟೀಚರುಗಳಿಗೆ ಈ ಫಾರ್ಮು ಹೊಸದಿರಬಹುದು, ಕೊನೆ ದಿನವನ್ನು ನೆನಪಿಸಿ, ಆಮೇಲೆ ಒಂದು ಥ್ಯಾಂಕ್ಯೂ ಕಾರ್ಡ್ ಕೊಡಲಿ.

ಬರಹದ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ದೊಡ್ಡವರು ಪೆನ್ನು ಮುಟ್ಟಬಾರದು. ನನ್ನ ಮಗಳು ಮೊದಲು ಬರೆದದ್ದು ರೊಬಾಟಿಕ್ಸ್ ಪದಕಗಳ ಪಟ್ಟಿ. ಆಮೇಲೆ ಅದನ್ನು ಬದಿಗಿಟ್ಟು, ನಮ್ಮಮ್ಮ ಬಂದಿದ್ದಾಗ ಅವರಿಗೆ ವಿಟಿಎ ಲೈಟ್ ರೈಲಿನಲ್ಲಿ ಒಬ್ಬರೇ ಓಡಾಡುವುದನ್ನು ಕಲಿಸಿದ್ದರ ಬಗ್ಗೆ ಬರೆದಳು. ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಚೀಟಿ ಮೇಲೆ ಬರೆದುಕೊಟ್ಟದ್ದು, ಮೊದಲ ದಿನ ತಾನು ಹಿಂದಿನ ಸೀಟಿನಲ್ಲಿ ಸುಮ್ನೆ ಕೂತು ನೋಡಿದ್ದು. ಓದಿದರೆ ಅವಳೇ ಕಣ್ಣ ಮುಂದೆ ಬರುತ್ತಾಳೆ. ಶಾಲೆಯವರು ಹುಡುಕುವುದು ಅಂಥದ್ದನ್ನೇ, ಅಲ್ವಾ? ಸಂದರ್ಶನ ಇದ್ದರೆ ಅಲ್ಲೂ ಇದೇ. ಬಾಯಿಪಾಠ ಮಾಡಿಸಬೇಡಿ. ಅವಳಿಗೆ ಆ ಶಾಲೆಯ ಬಗ್ಗೆ ನಿಜವಾಗಿ ತಿಳಿಯಬೇಕಾದ ಎರಡು ಪ್ರಶ್ನೆ ಇರಲಿ, ಅಷ್ಟು ಸಾಕು.

ಹಣದ ಮಾತು. ಶುಲ್ಕ ವರ್ಷಕ್ಕೆ 20,000 ಡಾಲರ್ ದಾಟುತ್ತದೆ, ನಾಲ್ಕು ವರ್ಷಕ್ಕೆ ಗುಣಿಸಿಯೇ ಯೋಚಿಸಿ. ಆರ್ಥಿಕ ನೆರವಿಗೆ ಬೇರೆಯೇ ಅರ್ಜಿ, ಬೇರೆಯೇ ಕೊನೆ ದಿನ, ತೆರಿಗೆ ಕಾಗದ ಬೇಕು. ‘ನಮಗೆಲ್ಲಿ ಕೊಡ್ತಾರೆ’ ಅಂತ ಸುಮ್ಮನಿರಬೇಡಿ, ಅರ್ಹರಿದ್ದರೆ ಹಾಕಿ.

ಫಲಿತಾಂಶದ ಪತ್ರದಲ್ಲಿ ಮೂರರಲ್ಲಿ ಒಂದು ಇರುತ್ತದೆ: ಸೀಟು, ವೇಟ್‌ಲಿಸ್ಟ್, ಇಲ್ಲ. ಸೀಟು ಸಿಕ್ಕರೆ ಕೆಲವೇ ದಿನಗಳಲ್ಲಿ ಡೆಪಾಸಿಟ್ ಕಟ್ಟಬೇಕು, ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವೇಟ್‌ಲಿಸ್ಟ್ ಆದರೆ ಇನ್ನೂ ಆಸೆಯಿದೆ ಅಂತ ಮಗಳೇ ಒಂದು ಚಿಕ್ಕ ಇಮೇಲ್ ಬರೆಯಲಿ. ಯಾವುದೇ ಬರಲಿ, ಹತ್ತಿರದ ಪಬ್ಲಿಕ್ ಹೈಸ್ಕೂಲಿನ ನೋಂದಣಿಯನ್ನು ಚಳಿಗಾಲದಲ್ಲೇ ಮುಗಿಸಿಟ್ಟಿರಿ, ಅಲ್ಲಿನ ಒಂಬತ್ತನೇ ಕ್ಲಾಸಿನ ವಿಷಯಗಳನ್ನೂ ಆರಿಸಿಡಿ. ಸೀಟು ಒಪ್ಪಿಕೊಂಡ ಮೇಲೆ ಗಣಿತ ಮತ್ತು ಭಾಷೆಗೆ ಪ್ಲೇಸ್‌ಮೆಂಟ್ ಪರೀಕ್ಷೆ, ಅಂದರೆ ಯಾವ ಮಟ್ಟದ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪರೀಕ್ಷೆ, ಬರಬಹುದು. ಆದ್ದರಿಂದ ಆ ಅಭ್ಯಾಸದ ಪುಸ್ತಕಗಳನ್ನು ಮೇ ತಿಂಗಳ ತನಕ ಬೇರೆಯವರಿಗೆ ಕೊಡಬೇಡಿ.