ಊರಿಗೆ ಹೋದವರ ಲಾಗಿನ್ ಆಫೀಸಿನಲ್ಲೇ ಉಳಿದಿತ್ತು

ಮಾರ್ಚ್ ಕೊನೆಯ ವಾರ. ಅಕೌಂಟ್ಸ್ ವಿಭಾಗದವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಸೋಮವಾರ ಬೆಳಗ್ಗೆ 9 ಗಂಟೆ ದಾಟುತ್ತಿದ್ದಂತೆ ಅಲ್ಲಿಂದ ಫೋನ್ ಬಂತು. ಸರ್ವರ್‌ನಲ್ಲಿದ್ದ ಎಕ್ಸೆಲ್ ಫೈಲನ್ನು ಓದಬಹುದು, ತಿದ್ದಲು ಆಗುತ್ತಿಲ್ಲ. ಫೈಲ್ ಯಾರ ಕೈಯಲ್ಲಿದೆ ಅಂತ ಎಕ್ಸೆಲ್ ಹೆಸರನ್ನೂ ತೋರಿಸುತ್ತಿತ್ತು. ಆದರೆ ಆ ಹೆಸರಿನವರು ಶುಕ್ರವಾರ ಸಂಜೆಯೇ ಊರಿಗೆ ಹೊರಟಿದ್ದರು. ಅವರ ಮೇಜಿನ ಕಂಪ್ಯೂಟರ್ ಆಫ್ ಆಗಿತ್ತು. ಹಾಗಾದರೆ ಅವರ ಲಾಗಿನ್ ಉಳಿದಿರುವುದು ಎಲ್ಲಿ?

ನಾನು ನೋಡಿಕೊಳ್ಳುತ್ತಿದ್ದ ನೆಟ್‌ವರ್ಕ್‌ನಲ್ಲಿ ಇನ್ನೂರಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿದ್ದವು. ಎಲ್ಲವೂ ಆಕ್ಟಿವ್ ಡೈರೆಕ್ಟರಿಯ (ಬಳಕೆದಾರರನ್ನೂ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಒಂದೇ ಡೊಮೈನ್‌ಗೆ, ಅಂದರೆ ಒಂದೇ ಗುಂಪಿಗೆ, ಸೇರಿದವು. ಆ ಡೊಮೈನಿನ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್ ಆದ ಡೊಮೈನ್ ಕಂಟ್ರೋಲರ್‌ಗೆ ಇದೆಲ್ಲ ಗೊತ್ತಿರುತ್ತದೆ ಅಂದುಕೊಂಡು ಮೊದಲು ಅಲ್ಲಿಗೇ ಹೋದೆ. ಅವರ ಅಕೌಂಟಿನಲ್ಲಿ ಲಾಸ್ಟ್‌ಲಾಗಾನ್ ಎಂಬ ಜಾಗವಿದೆ. ಅದು ಹೇಳುವುದು ಯಾವಾಗ ಅಂತ ಮಾತ್ರ, ಎಲ್ಲಿ ಅಂತ ಹೇಳುವುದಿಲ್ಲ. ಅದನ್ನೂ ಒಂದೊಂದು ಕಂಟ್ರೋಲರ್ ತನ್ನ ಮಟ್ಟಿಗೆ ಬರೆದುಕೊಳ್ಳುತ್ತದೆ, ಇನ್ನೊಂದಕ್ಕೆ ತಿಳಿಸುವುದಿಲ್ಲ. ಎಲ್ಲ ಕಡೆಗೂ ಹೋಗುವ ಲಾಸ್ಟ್‌ಲಾಗಾನ್‌ಟೈಮ್‌ಸ್ಟಾಂಪ್ 14 ದಿನಗಳವರೆಗೂ ಹಿಂದೆ ಉಳಿದಿರಬಹುದು.

ಆಮೇಲೆ ಯೋಚಿಸಿದರೆ ಸರಿಯೇ ಅನಿಸಿತು. ಡೊಮೈನ್ ಕಂಟ್ರೋಲರ್ ಬಸ್ ಸ್ಟ್ಯಾಂಡಿನ ಕೌಂಟರ್ ಇದ್ದ ಹಾಗೆ. ಪಾಸ್‌ವರ್ಡ್ ನೋಡಿ ಕರ್ಬರೋಸ್ ಟಿಕೆಟ್, ಅಂದರೆ ಒಂದು ಗುರುತಿನ ಚೀಟಿ, ಕೊಡುತ್ತದೆ. ಟಿಕೆಟ್ ತೆಗೆದುಕೊಂಡವರು ಇನ್ನೂ ಬಸ್ಸಿನಲ್ಲೇ ಕೂತಿದ್ದಾರಾ, ಇಳಿದು ಹೋದರಾ ಅಂತ ಅದು ನೋಡುತ್ತಾ ಕೂರುವುದಿಲ್ಲ.

ಹಾಗಾಗಿ ಫೈಲ್ ಇದ್ದ ಸರ್ವರ್‌ಗೇ ಹೋದೆ. ಫೈಲ್ ಬೇರೆಯವರ ಕೈಯಲ್ಲಿದೆ ಅಂದರೆ, ಅದನ್ನು ಕೊಟ್ಟ ಸರ್ವರ್‌ಗೆ ಅವರ ವಿಳಾಸ ಗೊತ್ತಿರಲೇಬೇಕಲ್ವಾ? ಆಜ್ಞೆಗಳನ್ನು ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ, ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ಗೆಟ್-ಎಸ್‌ಎಂಬಿಓಪನ್‌ಫೈಲ್ ಓಡಿಸಿದೆ. ಯಾವ ಫೈಲ್, ಯಾವ ಬಳಕೆದಾರ, ಯಾವ ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ವಿಳಾಸ), ಎಲ್ಲ ಒಂದೇ ಸಾಲಿನಲ್ಲಿ ಬಂತು. ಪರದೆಯಲ್ಲೇ ನೋಡುವವರು ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನ ಶೇರ್ಡ್ ಫೋಲ್ಡರ್ಸ್ ಒಳಗೆ ಓಪನ್ ಫೈಲ್ಸ್ ಮತ್ತು ಸೆಷನ್ಸ್ ತೆರೆಯಬಹುದು.

ಐಪಿ ಸಿಕ್ಕಿತು, ಆದರೆ ಅದು ಯಾವ ಕಂಪ್ಯೂಟರಿನದು? ಇಲ್ಲಿ ಹತ್ತು ನಿಮಿಷ ಕಳೆದುಕೊಂಡೆ. ಯಾವ ಹೆಸರಿಗೆ ಯಾವ ಐಪಿ ಅಂತ ಬರೆದಿಡುವ ಡಿಎನ್‌ಎಸ್‌ನಲ್ಲಿ ಹುಡುಕಿದಾಗ ಬಂದ ಹೆಸರು ಎಂದೋ ತೆಗೆದುಹಾಕಿದ ಲ್ಯಾಪ್‌ಟಾಪಿನದು. ಹಳೆಯ ದಾಖಲೆಯನ್ನು ಯಾರೂ ಅಳಿಸಿರಲಿಲ್ಲ. ಐಪಿಗಳನ್ನು ಹಂಚುವ ಡಿಎಚ್‌ಸಿಪಿ ಸರ್ವರ್‌ನ ಲೀಸ್ ಪಟ್ಟಿ, ಅಂದರೆ ಯಾವ ಐಪಿ ಯಾವ ಕಂಪ್ಯೂಟರಿಗೆ ಕೊಟ್ಟಿದೆ ಎಂಬ ಪಟ್ಟಿ, ನೋಡಿದ ಮೇಲೆ ನಿಜ ತಿಳಿಯಿತು. ಅದು ಎರಡನೇ ಮಹಡಿಯ ಮೀಟಿಂಗ್ ರೂಮಿನ ಕಂಪ್ಯೂಟರ್. ಅಂದಿನಿಂದ ಈ ಕೆಲಸಕ್ಕೆ ನಾನು ಮೊದಲು ಲೀಸ್ ಪಟ್ಟಿಯನ್ನೇ ನೋಡುತ್ತೇನೆ.

ಒಂದು ಕಂಪ್ಯೂಟರಿನಲ್ಲಿ ಯಾರು ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸುವ ಕ್ಯೂಯೂಸರ್ ಆಜ್ಞೆಯನ್ನು ಕೂತಲ್ಲಿಂದಲೇ ಕೊಟ್ಟು ನೋಡಿದೆ. 1722 ಎಂಬ ದೋಷ ಬಂತು, ಅಂದರೆ ಆ ಕಂಪ್ಯೂಟರ್ ಉತ್ತರ ಕೊಡುತ್ತಿಲ್ಲ. ಬೇರೆ ಕಂಪ್ಯೂಟರಿನಿಂದ ಈ ಪ್ರಶ್ನೆ ಕೇಳಬೇಕಾದರೆ ಅದರ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಅಲೋರಿಮೋಟ್‌ಆರ್‌ಪಿಸಿ ಎಂಬುದು 1 ಆಗಿರಬೇಕು, ಫೈರ್‌ವಾಲ್ ಕೂಡ ಬಿಡಬೇಕು. ನಾವು ಎರಡನ್ನೂ ಮಾಡಿರಲಿಲ್ಲ. ಮೆಟ್ಟಿಲು ಹತ್ತಿದೆ.

ಅಲ್ಲಿ ಲಾಗಿನ್ ಆಗಿದ್ದವರು ಬೇರೆ ಯಾರೋ. ನನ್ನ ಅಡ್ಮಿನ್ ಅಕೌಂಟಿನಿಂದ ಒಳಗೆ ಹೋಗಿ ಕ್ಯೂಯೂಸರ್ ಓಡಿಸಿದಾಗ ಅದರ ಕೆಳಗೆ ನಮ್ಮವರ ಹೆಸರೂ ಇತ್ತು. ಸ್ಥಿತಿ ಡಿಸ್ಕ್ (ಡಿಸ್‌ಕನೆಕ್ಟೆಡ್ ಎಂಬುದರ ಚಿಕ್ಕ ರೂಪ), ಅಂದರೆ ಪರದೆ ಕಳಚಿದೆ, ಆದರೆ ಸೆಷನ್, ಅಂದರೆ ಅವರ ಲಾಗಿನ್, ಜೀವಂತವಾಗಿದೆ. ಸುಮ್ಮನಿದ್ದ ಸಮಯ 2+15:20. ಪ್ಲಸ್ ಗುರುತಿನ ಮುಂಚಿನದು ದಿನಗಳ ಲೆಕ್ಕ. ಅಂದರೆ ಅವರು ಶುಕ್ರವಾರ ಸಂಜೆ ಮೀಟಿಂಗಿಗೆ ಬಂದು, ಇಲ್ಲಿ ಫೈಲ್ ತೆರೆದು ಹಾಗೇ ಎದ್ದು ಹೋಗಿದ್ದರು. ಮುಂದೆ ಬಂದವರು ಸ್ವಿಚ್ ಯೂಸರ್ ಒತ್ತಿ ತಮ್ಮ ಕೆಲಸ ಮಾಡಿಕೊಂಡಿದ್ದರು.

ಆ ಸೆಷನ್ ಮುಚ್ಚಲು ಒಂದು ಆಜ್ಞೆ ಸಾಕು. ಆದರೆ ನಾನು ಮುಚ್ಚಲಿಲ್ಲ. ಅದರಲ್ಲಿ ಉಳಿಸದ ಕೆಲಸ ಇದ್ದರೆ ಅದು ಒಬ್ಬರ ಇಡೀ ದಿನದ ದುಡಿಮೆ. ಅವರಿಗೇ ಫೋನ್ ಮಾಡಿದೆ. ಆರು ಗಂಟೆ ದಾಟಿದ ಮೇಲೆ ಸೇವ್ ಮಾಡಿ ಎದ್ದೆ ಅಂದರು. ಸರ್ವರ್‌ನಲ್ಲಿ ಫೈಲ್ ಕೊನೆಗೆ ಬದಲಾಗಿದ್ದು 6:12ಕ್ಕೆ. ಎರಡೂ ಹೊಂದಿದವು. ಆದರೂ ಫೈಲಿನ ಒಂದು ಪ್ರತಿ ತೆಗೆದಿಟ್ಟು, ಅವರ ಒಪ್ಪಿಗೆ ಪಡೆದು ಲಾಗಾಫ್ ಮಾಡಿದೆ. ಪಾಸ್‌ವರ್ಡ್ ಹೇಳ್ಲಾ ಅಂತ ಅವರೇ ಕೇಳಿದರು. ಬೇಡ ಅಂದೆ. ಈ ಕೆಲಸಕ್ಕೆ ಯಾರ ಪಾಸ್‌ವರ್ಡೂ ಬೇಕಾಗಿಲ್ಲ.

ಆ ವಾರವೇ, ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯಲ್ಲಿ ಒಂದು ಚಿಕ್ಕ ಲಾಗಿನ್ ಸ್ಕ್ರಿಪ್ಟ್ ಹಾಕಿದೆ. ಯಾರಾದರೂ ಲಾಗಿನ್ ಆದ ತಕ್ಷಣ ಬಳಕೆದಾರರ ಹೆಸರು, ಕಂಪ್ಯೂಟರಿನ ಹೆಸರು, ಸಮಯ, ಮೂರೂ ಸರ್ವರ್‌ನ ಒಂದು ಫೋಲ್ಡರಿನಲ್ಲಿ ಸಾಲಾಗಿ ಬೀಳುತ್ತವೆ. ಲಾಗಾಫ್‌ಗೂ ಹಾಗೇ ಒಂದು. ಕರೆಂಟ್ ಹೋದರೆ ಲಾಗಾಫ್ ಸಾಲು ಬರುವುದೇ ಇಲ್ಲ, ಹಾಗಾಗಿ ಈ ಪಟ್ಟಿಯನ್ನು ಪೂರ್ತಿ ನಂಬುವಂತಿಲ್ಲ. ಅದು ಹುಡುಕಬೇಕಾದ ಬಾಗಿಲು ತೋರಿಸುತ್ತದೆ, ಒಳಗೆ ಯಾರಿದ್ದಾರೆ ಅಂತ ಕ್ಯೂಯೂಸರ್ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ. ಇನ್ನೂ ಗಟ್ಟಿ ಸಾಕ್ಷಿ ಬೇಕಾದಾಗ ಆಯಾ ಕಂಪ್ಯೂಟರಿನ ಸೆಕ್ಯೂರಿಟಿ ಲಾಗ್‌ನಲ್ಲಿ ಈವೆಂಟ್ 4624, ಅಂದರೆ ಲಾಗಿನ್ ಯಶಸ್ವಿಯಾದ ದಾಖಲೆ, ನೋಡುತ್ತೇನೆ. ಅಲ್ಲಿ ಲಾಗಾನ್ ಟೈಪ್ 2 ಅಂದರೆ ಕೀಬೋರ್ಡ್ ಮುಂದೆಯೇ ಕೂತವರು, 10 ಅಂದರೆ ರಿಮೋಟ್ ಡೆಸ್ಕ್‌ಟಾಪ್, 3 ಅಂದರೆ ನೆಟ್‌ವರ್ಕಿನಿಂದ ಬಂದವರು. ಇದನ್ನು ಡೊಮೈನ್ ಕಂಟ್ರೋಲರ್‌ನಲ್ಲಿ ಹುಡುಕಿದರೆ ಜಾಸ್ತಿ ಟೈಪ್ 3 ಸಿಗುತ್ತದೆ, ಅದು ಈ ಕೆಲಸಕ್ಕೆ ಉಪಯೋಗವಿಲ್ಲ. ಅಲ್ಲಿ ನೋಡುವುದೇ ಆದರೆ ಕರ್ಬರೋಸ್ ಟಿಕೆಟ್ ಕೇಳಿದ್ದನ್ನು ಬರೆದಿಡುವ ಈವೆಂಟ್ 4768 ನೋಡಬೇಕು. ಟಿಕೆಟ್ ಕೇಳಿದವರ ಐಪಿ ಅದರಲ್ಲಿರುತ್ತದೆ.

ಸ್ಕ್ರಿಪ್ಟ್ ಹಾಕುವ ಮೊದಲು ಎಲ್ಲರಿಗೂ ಮೇಲ್ ಕಳಿಸಿ ತಿಳಿಸಿದೆ: ಏನು ಬರೆದಿಡುತ್ತೇವೆ, ಯಾಕೆ, 30 ದಿನಕ್ಕೆ ಅಳಿಸುತ್ತೇವೆ ಅಂತ. ಕೆಲವು ದಿನಗಳಾದ ಮೇಲೆ ಒಬ್ಬ ಮ್ಯಾನೇಜರ್ ಬಂದು, ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಇದರಿಂದ ತೆಗೆದುಕೊಡಿ ಅಂದರು. ಆಗುವುದಿಲ್ಲ ಅಂದೆ. ಜನರಿಗೆ ಒಂದು ಕಾರಣ ಹೇಳಿ ತೆಗೆದುಕೊಂಡದ್ದನ್ನು ಇನ್ನೊಂದಕ್ಕೆ ಬಳಸಲು ನನಗೆ ಮನಸ್ಸಿರಲಿಲ್ಲ.

ಮೀಟಿಂಗ್ ರೂಮಿನ ಕಂಪ್ಯೂಟರ್‌ಗಳಲ್ಲಿ ಸ್ವಿಚ್ ಯೂಸರ್ ಆಯ್ಕೆಯನ್ನೇ ಮರೆಮಾಡಿದೆ. ಈಗ ಯಾರಾದರೂ ಲಾಕ್ ಮಾಡಿ ಎದ್ದು ಹೋದರೆ ಮುಂದಿನವರು ಒಳಗೆ ಹೋಗಲಾಗದೆ ನನಗೇ ಫೋನ್ ಮಾಡುತ್ತಾರೆ. ತೊಂದರೆಯೇ, ಆದರೆ ಮಾರ್ಚ್ ಕೊನೆಯ ವಾರದಲ್ಲಿ ಫೈಲ್ ಹುಡುಕಿಕೊಂಡು ಓಡಾಡುವುದಕ್ಕಿಂತ ಆ ಫೋನೇ ವಾಸಿ.